ಮಂಗಳ ಹಾಡಿದ ಮೇಲೆ

ಕಾನಸೂರು, ಸಿದ್ದಾಪುರ ತಾಲ್ಲೂಕು
ಭಾನುವಾರ, 9 ಫೆಬ್ರವರಿ 2025

ಪ್ರೀತಿಯ ಅತ್ತೆಮ್ಮಾ,

ಗಂಟಲು ಈಗ ಹೇಗಿದೆ? ನುಂಗುವಾಗ ನೋಯುತ್ತದೆ ಎಂದು ಅತ್ತಿಗೆ ಹೇಳಿದ್ದರು, ಅದು ಕಡಿಮೆಯಾಯಿತಾ? ಡಾಕ್ಟರು ಹೇಳಿದ ಹಾಗೆ ಬಾಯಿ ಬಿಡದೆ ಇದ್ದೀರೋ, ಇಲ್ಲ ಅತ್ತಿಗೆ ಅಡುಗೆಮನೆಗೆ ಹೋದದ್ದೇ ತಡ ಮೊಮ್ಮಗಳ ಕಿವಿಯಲ್ಲಿ ಪಿಸುಪಿಸು ಶುರುಮಾಡುತ್ತೀರೋ? ಪಿಸುಮಾತು ಗಟ್ಟಿಮಾತಿಗಿಂತಲೂ ಗಂಟಲಿಗೆ ಕೆಟ್ಟದ್ದು ಎಂದು ಆ ಡಾಕ್ಟರು ನನ್ನೆದುರಿಗೇ ಹೇಳಿದ್ದಾರೆ, ನೆನಪಿರಲಿ. ಮಗಳ ಮನೆಯಾದರೂ ಹಾವೇರಿ ಕಡೆಯ ಖಾರ ನಿಮಗೆ ಒಗ್ಗುವುದಿಲ್ಲ. ಅತ್ತಿಗೆ ಬೇಸರ ಮಾಡಿಕೊಂಡರೂ ಪರವಾಗಿಲ್ಲ, ಮಜ್ಜಿಗೆ ಅನ್ನವನ್ನೇ ಉಣ್ಣಿ. ತಂಬುಳಿಗೆ ಒಂದೆಲಗ ಒಣಗಿಸಿ ಪುಡಿ ಮಾಡಿ ಕಳಿಸಿದ್ದೇನೆ, ಒಂದು ಬಾಟಲಿ ಜೇನೂ ಇದೆ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮ ಕೆಂಪಿ ಕರು ಹಾಕಿದೆ, ಹೆಣ್ಣು, ಹಣೆಯ ಮೇಲೆ ಬಿಳಿ ಬೊಟ್ಟು. ನಿಮ್ಮ ಮಗನಿಗೆ ಮಾತ್ರ ಥಂಡಿ ಬಿಟ್ಟಿಲ್ಲ, ಕಷಾಯ ಮಾಡಿಕೊಟ್ಟರೆ ತುಳಸಿ ಗಿಡಕ್ಕೆ ಹೊಯ್ದು ಕುಡಿದೆ ಅನ್ನುತ್ತಾರೆ. ಈ ಪತ್ರ ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ದಾರಿಯಲ್ಲಿ ಬಿಚ್ಚಿ ಓದಬಾರದೆಂದು ಅಂಟು ಹಚ್ಚಿ ಮೇಲೆ ಟೇಪೂ ಸುತ್ತುತ್ತೇನೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಈ ಕಡೆಯಿಂದ ನಾನು ಬಡಬಡಿಸುವುದು, ಆ ಕಡೆಯಿಂದ ನೀವು ಬರೀ ಉಸಿರು ಬಿಡುವುದು, ಅದು ನನ್ನಿಂದಾಗದು. ಎರಡು ಸಲ ಫೋನ್ ಇಟ್ಟ ಮೇಲೆ ಹಿತ್ತಿಲಿಗೆ ಹೋಗಿ ಅತ್ತಿದ್ದೇನೆ. ವಿಡಿಯೊ ಕಾಲ್ ಮಾಡಿದರೆ ಸೆರಗು ಅಡ್ಡ ಹಿಡಿಯುತ್ತೀರಿ. ಮೊನ್ನೆ ನೀವು ಮೊಮ್ಮಗಳ ಸ್ಲೇಟಿನ ಮೇಲೆ ಬರೆದದ್ದನ್ನು ಅತ್ತಿಗೆ ಓದಿ ಹೇಳಿದರು. ‘ದನಿ ಇಲ್ಲದವಳು ಊರಿಗೆ ಬಂದು ಏನು ಮಾಡಲಿ, ಭಜನಾ ಮಂಡಳಿಯನ್ನು ತನುಜಾಗೆ ಒಪ್ಪಿಸಿಬಿಡಿ, ನಾನು ಇಲ್ಲೇ ಇರುತ್ತೇನೆ.’ ಅಬ್ಬಾ ಅತ್ತೆಮ್ಮಾ, ಎಂಥಾ ಮಾತು! ಕೇಳಿದಾಗ ನನಗೆ ಸಿಟ್ಟೇ ಬಂತು. ಸಿಟ್ಟಿನಲ್ಲಿ ಒಂದು ಪತ್ರ ಬರೆದು ಒಲೆಗೆ ಹಾಕಿದೆ. ಇದು ಎರಡನೆಯದು, ಸಂತೋಷದಲ್ಲಿ ಬರೆಯುತ್ತಿರುವುದು. ಯಾಕೆ ಸಂತೋಷ ಎಂದು ಸಾವಕಾಶ ಹೇಳುತ್ತೇನೆ. ನಿಮಗೆ ಕೊನೆಯ ಹಾಳೆಯನ್ನು ಮೊದಲು ತಿರುವಿ ನೋಡುವ ಚಟವಿದೆ, ಈ ಸಲ ಹಾಗೆ ಮಾಡಿದರೆ ನನ್ನಾಣೆ.

ದಿನಕರಣ್ಣನ ಗೇಟಿನ ವಿಷಯ ನೀವು ಗಂಟಲಿನ ಆಪರೇಷನ್‌ಗೆ ಹೋದ ಮೇಲೆ ನಡೆದದ್ದು, ಅರ್ಧಂಬರ್ಧ ಕೇಳಿರುತ್ತೀರಿ. ಅವನು ಮನೆಯ ಹಿಂದೆ ಹೋಮ್‌ಸ್ಟೇ ಅಂತ ಮೂರು ಹಂಚಿನ ಕೋಣೆ ಕಟ್ಟಿಸಿದ್ದು ಗೊತ್ತಲ್ಲ. ಆ ಕೋಣೆಗಳ ಪಕ್ಕದಲ್ಲೇ ಕೆಳಗಿನ ಕೇರಿಗೆ ಹೋಗುವ ದಾರಿ. ನಮ್ಮ ಮಾವನವರ ಅಪ್ಪನ ಕಾಲದಿಂದ ಜನ ಓಡಾಡಿದ ದಾರಿ, ಗಾಡಿಯೂ ಹೋಗುತ್ತಿತ್ತು. ಕೇರಿಯವರು ಸೌದೆ ಹೊತ್ತುಕೊಂಡು ಕಿಟಕಿ ಮುಂದೆ ಹಾದು ಹೋಗುತ್ತಾರೆ, ನಿದ್ದೆ ಹಾಳಾಗುತ್ತದೆ ಎಂದು ಯಾರೋ ಅತಿಥಿ ಮೊಬೈಲಿನಲ್ಲಿ ಬರೆದು ಹಾಕಿದರಂತೆ. ಮರುವಾರವೇ ಅಲ್ಲಿ ಕಬ್ಬಿಣದ ಗೇಟು ಎದ್ದಿತು, ಬೀಗ ಬಿತ್ತು, ಕೀಲಿ ದಿನಕರಣ್ಣನ ಸೊಂಟಕ್ಕೆ ಹೋಯಿತು. ಮನುಷ್ಯ ಕೆಟ್ಟವನಲ್ಲ, ನಿಮಗೂ ಗೊತ್ತು, ಹೆದರುಪುಕ್ಕ ಅಷ್ಟೆ. ಯಾರು ಜೋರಾಗಿ ಕೂಗುತ್ತಾರೋ ಅವರ ಕಡೆ ವಾಲುವ ಜಾತಿ. ಅವನ ಆ ಹೆದರಿಕೆಗೆ ಕೇರಿಯವರೆಲ್ಲ ಹಳ್ಳದ ಆ ಕಡೆಯಿಂದ ಸುತ್ತಿ, ನೀರಿಗೆ ಅಡ್ಡ ಹಾಕಿದ ಅಡಿಕೆ ದಬ್ಬೆಯ ಸಂಕ ದಾಟಿ ಬರಬೇಕಾಯಿತು. ಆ ಕೇರಿಯ ನಮ್ಮ ಕೆರಿಯಪ್ಪನ ಮಗಳು ಚೇತನಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ, ತುಂಬು ಹೊಟ್ಟೆ. ಆಸ್ಪತ್ರೆಗೆಂದು ಹೊರಟವಳು ಆ ಸಂಕದ ಮೇಲೆ ಕಾಲು ಜಾರಿ ಕುಸಿದುಬಿಟ್ಟಳು. ಪುಣ್ಯಕ್ಕೆ ಏನೂ ಆಗಲಿಲ್ಲ. ಆದರೆ ನೋವು ಶುರುವಾದ ದಿನ ಅವಳನ್ನು ಆ ದಬ್ಬೆಯ ಮೇಲೆ ಹೊತ್ತು ದಾಟಿಸುವವರು ಯಾರು? ಕೆರಿಯಪ್ಪ ನಮ್ಮ ಜಗುಲಿಗೆ ಬಂದು ಕುಳಿತು, ‘ಚೌಡಮ್ಮ ಇದ್ದಿದ್ರೆ ಯಾವತ್ತೋ ಅಲ್ಲಿ ಭಜನೆ ಕೂರಿಸ್ತಿದ್ರು’ ಅಂದ. ನನ್ನ ಕಡೆ ನೋಡಲೂ ಇಲ್ಲ. ಗೋಡೆಯ ಮೇಲಿನ ನಿಮ್ಮ ಫೋಟೊ ನೋಡಿಯೇ ಹೇಳಿದ.

ಈಗ ನಾನು ನಮ್ಮ ಮಂಡಳಿಯ ನೇಮಗಳನ್ನು ಬರೆಯುತ್ತೇನೆ, ನಾನೇ ಹಾಕಿದ ನೇಮ ನನಗೇ ಕಲಿಸುತ್ತಾಳೆ ಎಂದು ನಗಬೇಡಿ. ಅತ್ತಿಗೆ ಇದನ್ನು ಜೋರಾಗಿ ಓದುತ್ತಾರೆ, ಪಕ್ಕದಲ್ಲಿ ಭಾವನ ಮನೆಯವರು ಕುಳಿತಿರುತ್ತಾರೆ, ಅವರಿಗೂ ತಿಳಿಯಬೇಕಲ್ಲ. ದೇವಿಯ ಹೆಸರು ಹೇಳಿ ಹಾಡುವ ಹೆಂಗಸರು ದೇವಿಯ ಮಕ್ಕಳಿಗೆ ಅನ್ಯಾಯವಾದರೆ ಸುಮ್ಮನಿರಬಾರದು ಎಂದು ನೀವು ಕಟ್ಟಿದ ಮಂಡಳಿ ಇದು. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಕಡೆ ಇವತ್ತು ನಮ್ಮ ಹೆಂಗಸರಿದ್ದಾರೆ. ವಿಧವೆಯರಿಗೆ ಪಿಂಚಣಿ ಮಾಡಿಸಿದ್ದು, ವಾನಳ್ಳಿಯಲ್ಲಿ ಬಾವಿ ಎಲ್ಲರಿಗೂ ಬಿಡಿಸಿದ್ದು, ಶಾಲೆ ಬಿಟ್ಟ ಹುಡುಗಿಯರನ್ನು ಮರಳಿ ಕೂರಿಸಿದ್ದು, ಎಲ್ಲ ಹಾಡಿಕೊಂಡೇ. ತಪ್ಪು ಮಾಡಿದವರ ಅಂಗಳಕ್ಕೆ ಹೋಗಿ ದೀಪ ಇಟ್ಟು ಭಜನೆಗೆ ಕೂರುತ್ತೇವೆ. ಬೈಯುವುದಿಲ್ಲ, ಧಿಕ್ಕಾರ ಕೂಗುವುದಿಲ್ಲ. ಆದರೆ ವಿಷಯ ತೀರ್ಮಾನವಾಗುವವರೆಗೆ ಮಂಗಳ ಹಾಡುವುದಿಲ್ಲ. ಮಂಗಳವಾಗದ ಭಜನೆ ಅಂಗಳದಲ್ಲಿ ಕುಳಿತಿದ್ದರೆ ಯಾವ ಮನೆಯವರಿಗೆ ಅನ್ನ ಇಳಿದೀತು? ಇನ್ನು ದೀಪದ ನೇಮ. ದೀಪಾವಳಿಗೆ ನಮ್ಮ ಮನೆಯಿಂದ ಹೊರಟ ಹಿತ್ತಾಳೆಯ ಕೈದೀಪ ವಾರಕ್ಕೊಂದು ಮನೆಯಂತೆ ತಿರುಗಿ ಶಿವರಾತ್ರಿಗೆ ನಮ್ಮ ಮನೆಗೇ ಮರಳಬೇಕು. ಯಾರು ಆರತಿ ಎತ್ತುತ್ತಾರೋ ಅವರೇ ಆ ಭಜನೆಯ ಯಜಮಾನರು, ಅವರೇ ಸ್ವಂತ ಕೈಯಲ್ಲಿ ದೀಪವನ್ನು ಮುಂದಿನ ಮನೆಗೆ ಮುಟ್ಟಿಸಬೇಕು. ಒಂದು ಮನೆಯಿಂದ ಹೊರಟ ದೀಪ ಮುಂದಿನ ಮನೆ ಮುಟ್ಟುವವರೆಗೆ ಬಂದ ದಾರಿಯಲ್ಲಿ ತಿರುಗಿ ಹೋಗಬಾರದು. ಮುಂದಿನ ಮನೆಯಲ್ಲಿ ಹಿರಿಯರಾದವರು ಹೊಸಿಲಲ್ಲಿ ನಿಂತು ಅದನ್ನು ಇಸಿದುಕೊಳ್ಳಬೇಕು, ಬೇರೆ ಯಾರೂ ಕೈ ಚಾಚುವ ಹಾಗಿಲ್ಲ. ಇಷ್ಟು ಭಾವನ ಮನೆಯವರಿಗೆ ಸಾಕು.

ಗೇಟಿನ ಸುದ್ದಿ ಹಬ್ಬಿದ ಮೇಲೆ ನಮ್ಮ ಮಂಡಳಿಯ ಮೀಟಿಂಗು ಆಯಿತು. ಏನು ಮೀಟಿಂಗೋ, ನನ್ನ ಶ್ರಾದ್ಧವೋ ಗೊತ್ತಾಗಲಿಲ್ಲ. ನೀವು ಹೋಗುವಾಗ ದೀಪವನ್ನು ನನ್ನ ಕೈಗೆ ಕೊಟ್ಟದ್ದು ಎಲ್ಲರಿಗೂ ಗೊತ್ತು. ಆವಾಗ ಕಿವಿಯಲ್ಲಿ ‘ದೀಪ ಹಿಡಿ, ಹಾಡಬೇಡ’ ಅಂದದ್ದು ನನಗೊಬ್ಬಳಿಗೇ ಗೊತ್ತು. ಮದುವೆಯಾಗಿ ಬಂದ ಮೊದಲ ಶುಕ್ರವಾರ ನಾನು ಹಾಡಿದ್ದಕ್ಕೆ ಕೊಟ್ಟಿಗೆಯಲ್ಲಿ ಎಮ್ಮೆ ಹಗ್ಗ ಕಿತ್ತುಕೊಂಡಿತ್ತು ಎಂದು ನೀವು ಊರೆಲ್ಲ ಹೇಳಿ ನಗಿಸಿದ್ದೀರಲ್ಲ, ಅದರ ಫಲ ಅವತ್ತು ಉಂಡೆ. ಹಾಡಲು ಬಾರದವಳು ಭಜನಾ ಮಂಡಳಿಯ ಅಧ್ಯಕ್ಷೆ ಆಗುವುದು ಹೇಗೆ ಎಂದು ವಾನಳ್ಳಿಯವರು ಕೇಳಿದರು. ಯಲ್ಲಾಪುರದವರು ಇನ್ನೂ ಮುಂದೆ ಹೋಗಿ, ಚೌಡಮ್ಮನ ದನಿಯೇ ಹೋದ ಮೇಲೆ ಮಂಡಳಿ ಯಾಕೆ, ಗೌರವದಿಂದ ಮುಚ್ಚಿಬಿಡೋಣ ಅಂದರು. ತನುಜಾ ನೀವು ಹೇಳಿದ ಹಾಗೆ ಕೋಗಿಲೆಯೇ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಅವಳೂ ಬಾಯಿಬಿಟ್ಟು ಬೇಡ ಅನ್ನಲಿಲ್ಲ ನೋಡಿ, ತಲೆ ತಗ್ಗಿಸಿ ಬಳೆ ತಿರುಗಿಸುತ್ತ ಕುಳಿತಳು. ನನಗೆ ಎಲ್ಲಿತ್ತೋ ಧೈರ್ಯ, ‘ಶುಕ್ರವಾರ ದಿನಕರಣ್ಣನ ಅಂಗಳದಲ್ಲಿ ಭಜನೆ ಕೂರಿಸ್ತೆ. ಗೇಟು ತೆಗ್ದಿಲ್ಲ ಅಂದ್ರೆ ದೀಪ ತಂದು ನಿಮ್ಮ ಮುಂದೆ ಇಡ್ತೆ, ಮುಚ್ಚೋದಾದ್ರೆ ಮುಚ್ಚಿ’ ಅಂದುಬಿಟ್ಟೆ. ಮನೆಗೆ ಬಂದು, ಎಂಥ ಮಾತು ಕೊಟ್ಟುಬಿಟ್ಟೆ ಎಂದು ತಲೆ ಹಿಡಿದು ಕುಳಿತೆ. ನಿಮ್ಮ ಮಗ ಸಮಾಧಾನ ಮಾಡುವುದು ಬಿಟ್ಟು, ಎಮ್ಮೆಯನ್ನು ಗಟ್ಟಿಯಾಗಿ ಕಟ್ಟುತ್ತೇನೆ ಎಂದರು.

ಶುಕ್ರವಾರ ದೀಪದ ಸರದಿ ಇದ್ದದ್ದೂ ಕೆರಿಯಪ್ಪನ ಮನೆಯದೇ, ಈ ಸಲದ ಸುತ್ತಿನ ಕೊನೆಯ ಮನೆ ಅದು, ಶಿವರಾತ್ರಿಯವರೆಗೆ ದೀಪ ಅಲ್ಲೇ ಇರಬೇಕು. ಪೇಟೆಯ ಮನೆಯಿಂದ ಹೊರಟ ದೀಪ ಡಾಂಬರು ರಸ್ತೆ ಬಿಟ್ಟು ದಿನಕರಣ್ಣನ ಅಂಗಳದವರೆಗೆ ಬಂತು, ಮುಂದೆ ಗೇಟು. ಅಲ್ಲೇ ಚಾಪೆ ಹಾಸಿ ದೇವಿಯ ಫೋಟೊ, ದೀಪ ಇಟ್ಟೆವು. ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತು. ಎಕ್ಕಂಬಿಯಿಂದ ಗಿರಿಜವ್ವ ಟೆಂಪೊದಲ್ಲಿ ತಾಳ ತಟ್ಟುತ್ತಲೇ ಬಂದಿಳಿದಳು. ಆ ವಯಸ್ಸಿನಲ್ಲೂ ಅವಳ ಹುರುಪು ನೋಡಬೇಕು, ‘ಚೌಡವ್ವಗ ದನಿ ಇಲ್ಲಂದ್ರ ನಾವೇನ್ ಸತ್ತೀವೇನು, ಹಾಡ್ರಿ’ ಎಂದು ಎಲ್ಲರಿಗೂ ಗದರಿದಳು. ತನುಜಾ ಹಾಡಿದಳು, ಎಲ್ಲರೂ ಎತ್ತಿಕೊಂಡರು, ನಾನು ದೀಪಕ್ಕೆ ಎಣ್ಣೆ ಹಾಕುತ್ತ ಬಾಯಿ ಬಿಗಿಹಿಡಿದು ಕುಳಿತೆ. ಹೋಮ್‌ಸ್ಟೇಯಲ್ಲಿ ಹುಬ್ಬಳ್ಳಿಯ ಗಂಡ ಹೆಂಡತಿ ಇಳಿದುಕೊಂಡಿದ್ದರು. ಅವರು ಕುರ್ಚಿ ಬಿಟ್ಟು ಬಂದು ನಮ್ಮ ಚಾಪೆಯ ತುದಿಯಲ್ಲಿ ಕುಳಿತು, ಕೈ ತಟ್ಟುತ್ತ, ‘ಇದು ಪ್ಯಾಕೇಜಿನ್ಯಾಗ ಐತೇನ್ರಿ?’ ಎಂದು ದಿನಕರಣ್ಣನನ್ನೇ ಕೇಳಿದರು. ಅವನ ಮುಖ ಬಾಡಿದ ಬಸಳೆಯಾಯಿತು. ಒಳಗೆ ಹೋದ, ಹೊರಗೆ ಬಂದ, ಮತ್ತೆ ಒಳಗೆ ಹೋದ. ಅವನ ತಾಯಿ ರಾಜೀವಿಯಮ್ಮ ಕಿಟಕಿಯಲ್ಲಿ ಕುಳಿತು ಬತ್ತಿ ಹೊಸೆಯುತ್ತಿದ್ದರು, ನಮ್ಮ ಹಾಡಿಗೆ ಅವರ ತುಟಿ ಅಲ್ಲಾಡುತ್ತಿದ್ದದ್ದು ನನಗೆ ಕಾಣುತ್ತಿತ್ತು. ಇನ್ನೇನು ಒಪ್ಪುತ್ತಾನೆ ಎಂದುಕೊಂಡೆ.

ಆದರೆ ಹೆದರುಪುಕ್ಕನಿಗೂ ಒಮ್ಮೊಮ್ಮೆ ತಲೆ ಓಡುತ್ತದೆ ಅತ್ತೆಮ್ಮಾ. ಚಿಕ್ಕಂದಿನಿಂದ ನಮ್ಮ ಭಜನೆ ಕೇಳಿ ಬೆಳೆದವನಲ್ಲವೇ. ದೀಪ ಹಚ್ಚುವ ಹೊತ್ತಾಗುತ್ತಿದ್ದಂತೆ ಶಲ್ಯ ಹೊದ್ದು, ತಟ್ಟೆಯಲ್ಲಿ ಕರ್ಪೂರ ಉರಿಸಿ, ಗಂಟೆ ಬಾರಿಸುತ್ತ ಹೊರಗೆ ಬಂದೇಬಿಟ್ಟ. ನಾನು ಏನಿದು ಎನ್ನುವಷ್ಟರಲ್ಲಿ ದೇವಿಯ ಫೋಟೊಕ್ಕೆ ಆರತಿ ಎತ್ತಿದ. ಕರ್ಪೂರ ಕಂಡದ್ದೇ ಕಂಡದ್ದು, ನಮ್ಮ ಗಿರಿಜವ್ವ ಕಣ್ಣು ಮುಚ್ಚಿ, ಕೈ ಮುಗಿದು, ಎದೆ ತುಂಬಿ ಮಂಗಳ ಎತ್ತಿಕೊಂಡಳು! ಹುಟ್ಟಿದಂದಿನಿಂದ ಬಂದ ಅಭ್ಯಾಸ, ಆರತಿ ಎದ್ದರೆ ಮಂಗಳ. ಅವಳು ಎತ್ತಿದರೆ ಮಿಕ್ಕವರು ಬಿಡುತ್ತಾರಾ? ಎಲ್ಲರೂ ಹಾಡಿಯೇ ಹಾಡಿದರು. ತನುಜಾ ಮೂರನೇ ಸಾಲಿಗೆ ಎಚ್ಚರವಾಗಿ ಬಾಯಿ ಮುಚ್ಚಿಕೊಂಡಳು, ಆದರೆ ಅರ್ಧಕ್ಕೆ ನಿಲ್ಲಿಸಿದರೆ ದೇವಿಗೆ ಅಪಚಾರ, ಮತ್ತೆ ಅವಳೂ ಸೇರಿಕೊಂಡಳು. ಹಾಡದೆ ಕುಳಿತಿದ್ದವಳು ನಾನೊಬ್ಬಳೇ. ಮಂಗಳ ಮುಗಿಯಿತು. ಭಜನೆ ಮುಗಿಯಿತು. ದಿನಕರಣ್ಣ ತಟ್ಟೆ ಕೆಳಗಿಟ್ಟು, ಬಹಳ ದಿನಗಳ ಮೇಲೆ ಬಾಯ್ತುಂಬ ನಕ್ಕು, ‘ಆಯ್ತಲ್ಲ ಮಮತಾ, ಚಲೋ ಆಯ್ತು ಭಜನೆ. ಇನ್ನು ಹೊರಡಿ, ಕತ್ತಲಾಗ್ತದೆ’ ಅಂದ.

ಗಿರಿಜವ್ವನಿಗೆ ಆಗ ಅರಿವಾಯಿತು ನೋಡಿ. ತಾಳ ಕೈಯಿಂದ ಜಾರಿತು. ‘ಅಯ್ಯ ನನ್ನವ್ವ, ಆರತಿ ಕಂಡಕೂಡ್ಲೆ ಬಾಯಿ ತಂತಾನ ತೆರದಬಿಡ್ತು, ನಾ ಏನ್ ಮಾಡ್ಲಿ’ ಎಂದು ಬಾಯಿ ಬಡಿದುಕೊಂಡಳು. ವಾನಳ್ಳಿಯವರು ಚಾಪೆ ಸುತ್ತಲು ಎದ್ದರು. ತನುಜಾ ನನ್ನ ಪಕ್ಕ ಬಂದು, ‘ಚೌಡಮ್ಮ ಇದ್ದಿದ್ರೆ ಹೀಂಗಾಗ್ತಿರ್ಲಿಲ್ಲ’ ಅಂದಳು. ಅವಳು ಸಿಟ್ಟಿನಿಂದ ಹೇಳಲಿಲ್ಲ, ಅವಳ ಕಣ್ಣಲ್ಲೂ ನೀರಿತ್ತು. ಗೇಟಿನ ಆಚೆ ಕೆರಿಯಪ್ಪ ಚೇತನಾಳ ಜೊತೆ ನಿಂತಿದ್ದ. ಹುಡುಗಿ ಸೊಂಟಕ್ಕೆ ಕೈ ಕೊಟ್ಟುಕೊಂಡು, ಸರಳಿನ ಸಂದಿಯಿಂದ ನಮ್ಮನ್ನೇ ನೋಡುತ್ತಿದ್ದಳು. ಮಂಗಳದ ದನಿ ಕೇಳಿ ಗೆದ್ದರು ಎಂದುಕೊಂಡು ಖುಷಿಯಲ್ಲಿ ಬಂದಿದ್ದರಂತೆ, ಪಾಪ. ಆ ಮುಖ ನೋಡಿದ ಮೇಲೆ ನನಗೆ ಅಳು ಬರಲಿಲ್ಲ, ರೋಷ ಬಂತು. ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಯೋಚಿಸಿದೆ. ನೀವಿದ್ದಿದ್ದರೆ ಹಾಡುತ್ತಿದ್ದಿರಿ, ಆ ದನಿಗೆ ಕಲ್ಲೂ ಕರಗುತ್ತಿತ್ತು. ನನಗೆ ಅದಿಲ್ಲ. ನನ್ನ ಕೈಯಲ್ಲಿ ಇದ್ದದ್ದು ಎಣ್ಣೆಯ ಗಿಂಡಿ, ಎದುರಿಗೆ ದೀಪ. ದೀಪ ನೋಡಿದೆ. ದಿನಕರಣ್ಣನ ಕೈ ನೋಡಿದೆ, ಬೆರಳಿಗೆ ಇನ್ನೂ ಕರ್ಪೂರದ ಮಸಿ ಅಂಟಿತ್ತು. ಅಷ್ಟೇ ಸಾಕಾಯಿತು ನನಗೆ.

ಚಾಪೆ ಸುತ್ತುವವರಿಗೆ ನಿಲ್ಲಿ ಅಂದೆ. ದೀಪ ಎತ್ತಿಕೊಂಡು ಹೋಗಿ ಅವನ ಮುಂದೆ ನಿಂತೆ. ‘ಹೌದು ದಿನಕರಣ್ಣ, ಮಂಗಳ ಆಯ್ತು. ಆರತಿ ಎತ್ತಿದವ್ರು ನೀವು, ಇವತ್ತಿನ ಭಜನೆಗೆ ಯಜಮಾನ್ರು ನೀವೇ. ಹಿಡೀರಿ ದೀಪ. ಮುಂದಿನ ಮನೆ ಕೆರಿಯಪ್ಪಂದು, ಮುಟ್ಟಿಸಿ ಬನ್ನಿ’ ಅಂದೆ. ನನ್ನ ದನಿ ಗಡುಸು, ನಿಮಗೆ ಗೊತ್ತು, ಹಾಡಿಗೆ ಬರುವುದಿಲ್ಲವೇ ಹೊರತು ಅಂಗಳದ ಮೂಲೆಯವರೆಗೆ ಕೇಳುತ್ತದೆ. ಅವನು ತೊದಲಿದ. ಯಾರಾದರೂ ಹಿಡಿಯಿರಿ ಎಂದು ಆಚೀಚೆ ನೋಡಿದ. ಯಾರು ಹಿಡಿಯುತ್ತಾರೆ? ‘ಆಯ್ತು, ರಸ್ತೆ ಮೇಲೆ ಸುತ್ತು ಹಾಕಿ ಸಂಕದವರೆಗೆ ಜೀಪಲ್ಲಿ ಹೋಗಿ ಕೊಟ್ಟು ಬರ್ತೆ’ ಅಂದ. ‘ದೀಪ ರಸ್ತೆ ಕಡೆಯಿಂದ ಬಂದದ್ದು. ಬಂದ ದಾರೀಲಿ ತಿರುಗಿ ಹೋಗ್ತದಾ?’ ಎಂದು ಕೇಳಿದೆ. ಅವನು ಗೇಟು ನೋಡಿದ, ದೀಪ ನೋಡಿದ, ಸೊಂಟದ ಕೀಲಿ ಮುಟ್ಟಿಕೊಂಡ. ಗಾಳಿಗೆ ಬತ್ತಿ ಒಂದು ಸಲ ಹೊಯ್ದಾಡಿತು, ನಾನು ಸೆರಗು ಅಡ್ಡ ಹಿಡಿದೆ. ದೀಪ ಮಾತ್ರ ಆರದಿರಲಿ ಅಂತ ದೇವಿಗೆ ಹೇಳಿಕೊಂಡೆ.

ಅಷ್ಟರಲ್ಲಿ ಕಿಟಕಿಯಿಂದ ರಾಜೀವಿಯಮ್ಮ ಎದ್ದು ಹೊರಗೆ ಬಂದರು. ಮಂಡಿನೋವಿಗೆ ಮೆಟ್ಟಿಲು ಇಳಿಯದೆ ಎಷ್ಟು ಕಾಲವಾಯಿತೋ, ಅವತ್ತು ಕಂಬ ಹಿಡಿದುಕೊಂಡು ಇಳಿದರು. ಕೈಯಲ್ಲಿ ಹೊಸೆದ ಬತ್ತಿಯ ಕಟ್ಟು. ಮಗನ ಎದುರು ನಿಂತು, ‘ಎಂತ ನೋಡ್ತೆ ತಮಾ? ಆರತಿ ಎತ್ತಿದವನೇ ದೀಪ ತಗಂಡು ಹೋಗವು. ಆನೂ ಬತ್ತೆ, ನಡೆ’ ಅಂದರು. ಅಷ್ಟೇ ಮಾತು. ಅವನು ಚಪ್ಪಲಿ ಬಿಟ್ಟ, ಎರಡೂ ಕೈಯಲ್ಲಿ ದೀಪ ಹಿಡಿದ. ಎರಡೂ ಕೈ ತುಂಬಿದ್ದರಿಂದ ಬೀಗ ತೆಗೆಯಲು ಆಗಲಿಲ್ಲ, ‘ಮಮತಾ, ಕೀಲಿ ನೀನೇ ತಗಾ’ ಅಂದ. ಪರಗಂಡಸಿನ ಸೊಂಟಕ್ಕೆ ಕೈ ಹಾಕುವುದು ಹೇಗೆ ಎಂದು ನಾನು ಹಿಂದೆ ಮುಂದೆ ನೋಡಿದರೆ, ಗಿರಿಜವ್ವ ನುಗ್ಗಿ ಬಂದು ಕೀಲಿಗೊಂಚಲು ಕಿತ್ತುಕೊಂಡು, ‘ನಾ ಕೆಡಸಿದ್ದು ನಾನ ನೆಟ್ಟಗ ಮಾಡ್ತೀನಿ’ ಎಂದು ಬೀಗ ತೆಗೆದಳು. ಗೇಟು ಕಿರ್ರೆಂದಿತು ನೋಡಿ ಅತ್ತೆಮ್ಮಾ, ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ನಿಮ್ಮ ಹಾಡು ಬಿಟ್ಟರೆ ಅಷ್ಟು ಇಂಪಾದದ್ದನ್ನು ನಾನು ಕೇಳಿಲ್ಲ.

ಮುಂದೆ ದಿನಕರಣ್ಣ, ಪಕ್ಕದಲ್ಲಿ ಅವನ ಹೆಗಲು ಹಿಡಿದು ರಾಜೀವಿಯಮ್ಮ, ಹಿಂದೆ ನಾವೆಲ್ಲ, ನಮ್ಮ ಹಿಂದೆ ಆ ಹುಬ್ಬಳ್ಳಿಯ ದಂಪತಿ. ತನುಜಾ ದೇವಿಯ ಪದ ಎತ್ತಿದಳು. ಖುಷಿ ತಡೆಯಲಾರದೆ ನಾನೂ ಒಂದು ಸಾಲಿಗೆ ಬಾಯಿ ತೆರೆದೆ, ತಕ್ಷಣ ಅವಳು ತೋಳು ಚಿವುಟಿದಳು. ಚಿವುಟಿದ್ದು ಇನ್ನೂ ಕೆಂಪಗಿದೆ. ಕೆರಿಯಪ್ಪ ನಮಗಿಂತ ಮುಂಚೆ ಓಡಿಹೋಗಿ ತಲೆಗೆ ರುಮಾಲು ಸುತ್ತಿ ಹೊಸಿಲಲ್ಲಿ ನಿಂತಿದ್ದ. ನೀವು ದೀಪವನ್ನು ಮೊದಲ ಸಲ ಆ ಕೇರಿಗೆ ಒಯ್ದ ವರ್ಷ ಮೇಲಿನವರು ಎಷ್ಟು ಜನ ನಮಗೆ ಬಾಗಿಲು ಹಾಕಿದ್ದರು ಎಂದು ನೀವೇ ಹೇಳುತ್ತಿದ್ದಿರಿ. ಅವತ್ತು ಬಾಗಿಲು ಹಾಕಿದವರ ಮನೆಯ ಮಗ ಇವತ್ತು ಬರಿಗಾಲಲ್ಲಿ ಕೆರಿಯಪ್ಪನ ಹೊಸಿಲಿಗೆ ಬಂದು, ಬಗ್ಗಿ, ಅವನ ಕೈಗೆ ದೀಪ ಕೊಟ್ಟ. ಕೆರಿಯಪ್ಪ ಎರಡೂ ಕೈಯಲ್ಲಿ ಇಸಿದುಕೊಂಡ. ‘ಒಳಗೆ ಬನ್ನಿ ಒಡೆಯಾ’ ಅಂದ. ದಿನಕರಣ್ಣ, ‘ಚಾ ಇದ್ರೆ ಕುಡೀತೆ’ ಅಂದ. ಚೇತನಾ ಬೆಲ್ಲದ ಚಾ ಮಾಡಿ ತಂದಳು, ರಾಜೀವಿಯಮ್ಮನೂ ಕುಡಿದರು. ವಾಪಸು ಬರುವಾಗ ಅವರೇ ಮಗನಿಗೆ, ದೀಪ ಹೋದ ದಾರಿಗೆ ಮತ್ತೆ ಬೀಗ ಹಾಕಿದರೆ ಈ ಮನೆಯಲ್ಲಿ ನಾನು ಅನ್ನ ಮುಟ್ಟುವವಳಲ್ಲ ಎಂದು ಹೇಳಿದರಂತೆ.

ನಿನ್ನೆ ಬೆಳಿಗ್ಗೆ ನೋಡಿದರೆ ಗೇಟಿನ ಎರಡೂ ಬಾಗಿಲು ಕಳಚಿ ದನದ ಕೊಟ್ಟಿಗೆಗೆ ಒರಗಿಸಿಟ್ಟಿದ್ದಾನೆ. ಚೇತನಾ ನಿನ್ನೆಯೇ ಜೀಪಿನಲ್ಲಿ ಮನೆಬಾಗಿಲಿನಿಂದ ಸಿದ್ದಾಪುರದ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡು ಬಂದಳು, ಮಗು ಚೆನ್ನಾಗಿ ಒದೆಯುತ್ತಿದೆಯಂತೆ. ಹುಬ್ಬಳ್ಳಿಯವರು ಮೊಬೈಲಿನಲ್ಲಿ ಏನೇನೋ ಹೊಗಳಿ ಬರೆದಿದ್ದಾರಂತೆ. ದಿನಕರಣ್ಣ ಈಗ ಭಜನೆ ಪ್ರತಿ ವಾರ ಇಟ್ಟುಕೊಳ್ಳಬಹುದಾ ಎಂದು ಕೇಳುತ್ತಿದ್ದಾನೆ, ಏನು ಹೇಳಲಿ ಹೇಳಿ. ಯಲ್ಲಾಪುರದವರು ಫೋನ್ ಮಾಡಿ, ಮುಚ್ಚುವ ಮಾತು ಆಡಿದ್ದು ಮರೆತುಬಿಡಿ, ನಮ್ಮಲ್ಲೂ ಒಂದು ವಿಷಯ ಇದೆ, ಯಾವಾಗ ಬರುತ್ತೀರಿ ಅಂದರು. ಇವತ್ತು ಬೆಳಿಗ್ಗೆ ನಮ್ಮ ಜಗುಲಿಯಲ್ಲಿ ಎಲ್ಲರೂ ಸೇರಿ ನನ್ನನ್ನೇ ಅಧ್ಯಕ್ಷೆ ಮಾಡಿದರು. ಹೆಸರು ಹೇಳಿದವಳು ತನುಜಾ. ‘ನಾ ಹಾಡ್ತೆ, ನೀ ನಡ್ಸು’ ಅಂದಳು. ಅವಳ ಬಗ್ಗೆ ಮೇಲೆ ಬಳೆ ತಿರುಗಿಸಿದಳು ಎಂದು ಬರೆದದ್ದನ್ನು ಅತ್ತಿಗೆ ಓದದೆ ಹಾರಿಸಲಿ. ನನಗೆ ಎಷ್ಟು ಹೆಮ್ಮೆಯಾಗಿದೆ ಎಂದರೆ ಬೆಳಿಗ್ಗೆಯಿಂದ ಹಾಲು ಎರಡು ಸಲ ಉಕ್ಕಿಸಿದ್ದೇನೆ. ನೀವು ಎದುರಿಗಿದ್ದಿದ್ದರೆ ಬಾಯಲ್ಲಿ ಬೈದು ಕಣ್ಣಲ್ಲಿ ನಗುತ್ತಿದ್ದಿರಿ, ಅದೊಂದು ಕಾಣದೆ ಹೋಯಿತು.

ಬರೆಯುತ್ತ ಕುಳಿತರೆ ನಿಮ್ಮ ಮಗನ ಬಸ್ಸು ತಪ್ಪುತ್ತದೆ. ಭಾವನಿಗೆ, ಅತ್ತಿಗೆಗೆ ನಮಸ್ಕಾರ. ಮೊಮ್ಮಗಳಿಗೆ ಮುದ್ದು, ಅವಳ ಸ್ಲೇಟು ಅವಳಿಗೆ ವಾಪಸು ಕೊಡಿ. ನಿಮ್ಮ ಕಾಲಿಗೆ ಬಿದ್ದು ಕೇಳುತ್ತೇನೆ, ತಲೆಯ ಮೇಲೆ ಕೈ ಇಡಿ. ದೇವ್ರು ನಿಮ್ಮನ್ನು ತಣ್ಣಗಿಡಲಿ.

ಎಮ್ಮೆ ಹೆದರಿಸುವ ನಿಮ್ಮ ಸೊಸೆ,
ಮಮತಾ

ತಾಜಾಕಲಂ: ಅಯ್ಯೋ, ಹೇಳಬೇಕಾದ ಮಾತೇ ಉಳಿಯಿತು, ಅವರು ಹೊರಗೆ ಚಪ್ಪಲಿ ಹಾಕಿಕೊಂಡು ಕೂಗುತ್ತಿದ್ದಾರೆ. ಶಿವರಾತ್ರಿಗೆ ದೀಪ ನಮ್ಮ ಮನೆಗೆ ಬರಬೇಕು. ಕೆರಿಯಪ್ಪ ತರುತ್ತಾನೆ, ಆ ದಾರಿಯಲ್ಲೇ. ಹೊಸಿಲಲ್ಲಿ ನಿಂತು ಇಸಿದುಕೊಳ್ಳಬೇಕಾದವರು ಮನೆಯ ಹಿರಿಯರು, ಅಂದರೆ ನೀವು. ನಾನು ಇಸಿದುಕೊಳ್ಳಲಾ ಎಂದು ಕೇಳಿದ್ದಕ್ಕೆ ಅವನು, ‘ಚೌಡಮ್ಮ ಬರೋವರೆಗೆ ದೀಪ ಹಿಡ್ಕಂಡು ಅಂಗಳದಲ್ಲೇ ನಿಂತಿರ್ತೆ’ ಅಂದಿದ್ದಾನೆ, ಅವನ ಹಟ ನಿಮಗೆ ಗೊತ್ತು. ದೀಪ ಇಸಿದುಕೊಳ್ಳಲು ದನಿ ಬೇಡ ಅತ್ತೆಮ್ಮಾ, ಎರಡು ಕೈ ಸಾಕು. ಶುಕ್ರವಾರ ನಾನು ಒಂದು ಸಾಲೂ ಹಾಡದೆ ಗೆದ್ದಿಲ್ಲವಾ? ನಿಮ್ಮ ಮಗನಿಗೆ ಒಬ್ಬರೇ ವಾಪಸು ಬರಬೇಡಿ ಎಂದು ಹೇಳಿ ಕಳಿಸಿದ್ದೇನೆ. ಬರದಿದ್ದರೆ ನೋಡಿ, ಮೂರೂ ತಾಲ್ಲೂಕಿನ ಹೆಂಗಸರು ನಮ್ಮ ಅಂಗಳದಲ್ಲಿ ಭಜನೆಗೆ ಕೂರುತ್ತೇವೆ, ನೀವು ಬರುವವರೆಗೆ ಮಂಗಳ ಹಾಡುವುದಿಲ್ಲ. ಗಿರಿಜವ್ವನ ಬಾಯಿಗೆ ಈ ಸಲ ಕಲ್ಲುಸಕ್ಕರೆ ತುಂಬಿಸಿ ಕೂರಿಸುತ್ತೇನೆ.